ಫ್ರಿಡ್ಜಿಗಿಟ್ಟ ಪ್ರೋಟೀನ್ ಒಡೆದು ಹೋಗುತ್ತಿತ್ತು: ನನ್ನ ಅನುಭವ

ಕಾಸರಗೋಡಿನ ನಮ್ಮ ಲ್ಯಾಬನ್ನು ಹಲವು ತಂಡಗಳು ಹಂಚಿಕೊಂಡಿವೆ, ಬಫರ್ (ಪಿಎಚ್, ಅಂದರೆ ಆಮ್ಲ-ಕ್ಷಾರದ ಮಟ್ಟವನ್ನು, ಸ್ಥಿರವಾಗಿಡುವ ದ್ರಾವಣ) ಬಾಟಲಿಗಳೂ ಸೇರಿ. ಏಪ್ರಿಲ್ ಸೆಕೆಯಲ್ಲಿ ನನ್ನ ಪ್ರೋಟೀನ್ ಹಟ ಹಿಡಿಯಿತು. ಶುದ್ಧತೆ ನೋಡುವ ಜೆಲ್‌ನಲ್ಲಿ ಒಂದೇ ಬ್ಯಾಂಡ್, ಡಿಎನ್‌ಎ ಬೆರಕೆ ತೋರಿಸುವ 260/280 ಬೆಳಕಿನ ಅನುಪಾತವೂ ಸರಿ. ಆದರೆ 4 ಡಿಗ್ರಿಯಲ್ಲಿ ರಾತ್ರಿ ಡಯಾಲಿಸಿಸ್‌ಗಿಟ್ಟರೆ (ಸೂಕ್ಷ್ಮ ರಂಧ್ರಗಳ ಚೀಲದಲ್ಲಿ ತುಂಬಿ ಬಫರಿನಲ್ಲಿ ಮುಳುಗಿಸಿಟ್ಟರೆ) ಬೆಳಿಗ್ಗೆ ಚೀಲದೊಳಗೆ ಒಡೆದ ಹಾಲಿನಂತೆ ಬಿಳಿ ಚೂರುಗಳು. ಎಲ್ಲರೂ ಪ್ರೋಟೀನ್ ಶುದ್ಧೀಕರಿಸುವ ಕಾಲಮ್ ಮೇಲೆ ಅನುಮಾನಪಟ್ಟರು. (ಪಾಪದ ಕಾಲಮ್, ಯಾವಾಗಲೂ ಅದೇ ಅಪರಾಧಿ.)

ನಾನು ಬಳಸುತ್ತಿದ್ದ ಬಫರ್ ಟ್ರಿಸ್. ಅದರ ಬಾಟಲಿಯ ಮೇಲೆ 'ಪಿಎಚ್ 8.0' ಎಂದಷ್ಟೇ ಇತ್ತು. ಎಷ್ಟು ಡಿಗ್ರಿಯಲ್ಲಿ? ಅದು ಬರೆದಿರಲಿಲ್ಲ. ತಣ್ಣಗಿನ ಬಫರನ್ನು, ಅದೇ ತಾಪಕ್ಕೆ ಕ್ಯಾಲಿಬ್ರೇಟ್ ಮಾಡಿದ ಮೀಟರ್‌ನಲ್ಲಿ ಅಳೆದೆ: ಸುಮಾರು 8.8. ಟ್ರಿಸ್‌ನ ಪಿಎಚ್ ತಾಪ ಒಂದು ಡಿಗ್ರಿ ಇಳಿದರೆ ಸುಮಾರು 0.028 ಏರುತ್ತದೆ. 32 ಡಿಗ್ರಿ ಸೆಕೆಯ ಕೋಣೆಯಲ್ಲಿ ಹೊಂದಿಸಿದ್ದು ಕೋಲ್ಡ್ ರೂಮಿಗೆ ಹೋದರೆ ಹತ್ತಿರಹತ್ತಿರ 0.8 ಜಿಗಿತ. ನನ್ನ ಪ್ರೋಟೀನಿನ ಐಸೋಎಲೆಕ್ಟ್ರಿಕ್ ಬಿಂದು 8.7ರ ಸುತ್ತ. ಅಲ್ಲಿ ನಿವ್ವಳ ವಿದ್ಯುದಂಶ ಸೊನ್ನೆ, ಅಣುಗಳು ಒಂದನ್ನೊಂದು ದೂಡದೆ ಗುಂಪುಗೂಡುತ್ತವೆ.

ಹೆಪಿಸ್ ಬಫರಿಗೆ ಬದಲಿಸಿದೆ, ಪಿಎಚ್ 7.5. ಅದರ ಏರಿಳಿತ ಡಿಗ್ರಿಗೆ 0.014ರಷ್ಟು, ಅಂದರೆ ಅರ್ಧ. ಚೂರುಗಳು ಬರಲಿಲ್ಲ, ಬೆಳಕಿನ ಚದುರುವಿಕೆಯಿಂದ ಕಣಗಳ ಗಾತ್ರ ಅಳೆಯುವ ಡೈನಾಮಿಕ್ ಲೈಟ್ ಸ್ಕ್ಯಾಟರಿಂಗ್‌ನಲ್ಲೂ ಒಂದೇ ಶಿಖರ, ಅಂದರೆ ಗುಂಪುಗಳಿಲ್ಲ.

ಈಗ ಎಲ್ಲ ಬಾಟಲಿಗಳ ಮೇಲೂ ಪಿಎಚ್ ಜೊತೆ ತಾಪ, ತಯಾರಿಸಿದ ದಿನಾಂಕ, ತಂಡದ ಹೆಸರು ಕಡ್ಡಾಯ. ಲೇಬಲ್ ಕನ್ನಡದಲ್ಲಿರಲಿ, ಮಲಯಾಳದಲ್ಲಿರಲಿ, ತಕರಾರಿಲ್ಲ. ಉಳಿದ ಟ್ರಿಸ್ ಚೆಲ್ಲಲಿಲ್ಲ, ಕೋಣೆಯ ತಾಪದಲ್ಲೇ ಮಾಡುವ ಕೆಲಸಗಳಿಗೆ ಸಾಕು.