ಹಕ್ಕಿ ಬಿಟ್ಟು ಹಣ್ಣು ಕಾದೆ

ಎರಡು ವರ್ಷದ ಹಿಂದೆ ಜನವರಿಯಲ್ಲಿ, ಸ್ವೀಡನ್‌ನಲ್ಲಿರುವ ಅಕ್ಕನ ಮಗ ಒಂದು ವಿಡಿಯೊ ಕಳಿಸಿದ್ದ. ಎಲೆ ಉದುರಿದ ರೋವನ್ ಮರ, ಗೊಂಚಲು ಗೊಂಚಲು ಕೆಂಪು ಹಣ್ಣು, ಅದರ ಮೇಲೆ ಹಿಮ. ಮೂವತ್ತು ನಲವತ್ತು ವ್ಯಾಕ್ಸ್‌ವಿಂಗ್ ಹಕ್ಕಿಗಳು ಮುತ್ತಿಕೊಂಡು ಗುಳುಂ ಗುಳುಂ ಅಂತ ನುಂಗುತ್ತಿದ್ದವು. ತಲೆ ಮೇಲೆ ಜುಟ್ಟು, ರೆಕ್ಕೆಯಲ್ಲಿ ಅರಗಿನ ಹನಿ ಬಿದ್ದ ಹಾಗೆ ಕೆಂಪು. ಉತ್ತರದ ಕಾಡಿನಲ್ಲಿ ಹಣ್ಣು ಕಮ್ಮಿಯಾದ ವರ್ಷ ಇವು ಹಿಂಡುಗಟ್ಟಿ ದಕ್ಷಿಣದ ಊರುಗಳಿಗೆ ಬರುತ್ತವೆ. ಒಂದು ಮರ ಖಾಲಿಯಾದರೆ ಇನ್ನೊಂದು. "ಮಾಮ, ಮೈಸೂರಲ್ಲಿ ಇಂಥವು ಇಲ್ಲ ಅಲ್ವಾ?" ಅಂತ ಕೇಳಿದ.

ಇಲ್ಲ, ನಿಜ. ಆದರೆ ಜುಟ್ಟಿರುವ, ಹಣ್ಣು ಕಂಡರೆ ಮುಗಿಬೀಳುವ ಚಳಿಗಾಲದ ನೆಂಟರು ನಮಗೂ ಇದ್ದಾರೆ. ಗುಲಾಬಿ ಕಬ್ಬಕ್ಕಿ. ಮಧ್ಯ ಏಷ್ಯಾದ ಹುಲ್ಲುಗಾವಲಿನಲ್ಲಿ ಮಿಡತೆ ತಿನ್ನಿಸಿ ಮರಿ ಬೆಳೆಸಿ, ಆಮೇಲೆ ಇಲ್ಲಿಗೆ ಬರುತ್ತವೆ. ತೋರಿಸಿಯೇ ಬಿಡೋಣ ಅಂತ ಹಟ ಬಂತು.

ನಾಲ್ಕು ಭಾನುವಾರ ಕುಕ್ಕರಹಳ್ಳಿ ಕೆರೆ ಏರಿ ಸುತ್ತಿದೆ. ಬೈನಾಕ್ಯುಲರ್ ಹೊತ್ತು ಕುತ್ತಿಗೆ ನೋವು ಬಂದಿದ್ದೇ ಲಾಭ. ಐದನೇ ಭಾನುವಾರ ಬರಿಗೈಲಿ ವಾಪಸ್ ಬರುವಾಗ, ನಾನು ದಿನಾ ಟೀ ಕುಡಿಯುವ ಜಾಗದ ಎದುರಿನ ಅರಳಿಕಟ್ಟೆಯಲ್ಲಿ ಸಂತೆಯಂಥ ಗದ್ದಲ. ತಲೆ ಎತ್ತಿದರೆ ಮರದ ತುಂಬ ಕಬ್ಬಕ್ಕಿ! ಖುಷಿಯಲ್ಲಿ ಸ್ಕೂಟರನ್ನು ಮರದ ಕೆಳಗೇ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದಾಗ ಸೀಟು ಯಾವುದು, ಹಿಕ್ಕೆ ಯಾವುದು ಗೊತ್ತಾಗುತ್ತಿರಲಿಲ್ಲ.

ಮುಂದಿನ ವಾರ ಹೋದರೆ ಒಂದೂ ಇಲ್ಲ. ಕಟ್ಟೆಯ ನಾಗರಕಲ್ಲಿಗೆ ನೀರು ಹಾಕಲು ಬರುವ ಅಜ್ಜಿ ನನ್ನ ಮುಖ ನೋಡಿ ನಕ್ಕರು. "ಹಣ್ಣು ಮುಗೀತಲ್ಲಪ್ಪ, ಇನ್ಯಾಕೆ ಬರ್ತವೆ? ಗುಡಿಸೋಳು ನಾನು, ನನಗೆ ಗೊತ್ತಿಲ್ವಾ?"

ಅಲ್ಲಿಗೆ ನನ್ನ ದಾರಿ ಬದಲಾಯಿತು. ಹಕ್ಕಿ ಹುಡುಕುವುದನ್ನು ಬಿಟ್ಟು ಮರಗಳ ಲೆಕ್ಕ ಇಟ್ಟೆ. ಅರಳಿ, ಆಲ, ಅತ್ತಿ ಇವೆಲ್ಲ ಒಂದೇ ಕುಲ. ಹೂವು ಕಾಯಿಯ ಒಳಗೇ ಅರಳುತ್ತದೆ. ಪರಾಗ ಹೊತ್ತು ಒಳಗೆ ನುಗ್ಗುವುದು ಇರುವೆಗಿಂತ ಚಿಕ್ಕ ಕಣಜ. ಅದರ ಆಯಸ್ಸು ಒಂದೆರಡು ದಿನ ಅಷ್ಟೇ. ಅಷ್ಟರಲ್ಲಿ ಮೊಟ್ಟೆ ಇಡಲು ಅದೇ ಜಾತಿಯ ಇನ್ನೊಂದು ಮರ, ಎಳೆಗಾಯಿ ಬಿಟ್ಟಿರುವುದು, ಸಿಗಬೇಕು. ಊರಿನ ಅರಳಿಗಳೆಲ್ಲ ಒಟ್ಟಿಗೆ ಹಣ್ಣಾದರೆ ಕಣಜದ ಕಥೆ ಮುಗಿದಂತೆ. ಅದಕ್ಕೇ ಒಂದು ಮರ ಡಿಸೆಂಬರಿನಲ್ಲಿ ಹಣ್ಣಾದರೆ, ಪಕ್ಕದ ರಸ್ತೆಯದು ಫೆಬ್ರವರಿಯಲ್ಲಿ. ಆದರೆ ಒಂದು ಮರದ ಹಣ್ಣು ಮಾತ್ರ ಹೆಚ್ಚುಕಮ್ಮಿ ಒಟ್ಟಿಗೇ ಮಾಗುತ್ತದೆ. ಹಬ್ಬ ಕೆಲವೇ ದಿನ.

ವಾಕಿಂಗ್ ದಾರಿಯ ಹನ್ನೊಂದು ಮರಗಳನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದುಕೊಂಡೆ. ಹಾಲಿನ ಲೆಕ್ಕದ ಪಕ್ಕದಲ್ಲೇ. ಈಗ ಮೊದಲು ನೆಲ ನೋಡುತ್ತೇನೆ, ಆಮೇಲೆ ಮರ. ಅರಳಿಯ ಕಾಯಿ ಹಸಿರಿದ್ದರೆ ಸುಮ್ನೆ ಮುಂದೆ ಹೋಗುವುದು. ಕಡುನೇರಳೆಗೆ ತಿರುಗಿ, ಕಾಲಿಗೆ ಪಿಚಕ್ ಅಂದರೆ ಮಾರನೇ ಬೆಳಿಗ್ಗೆ ಆರೂವರೆಗೆ ಹಾಜರ್. ನಾನು ನೋಡಿದ ಹಾಗೆ ಕುಟ್ರು ಹಕ್ಕಿ ಮೊದಲು ಬರುತ್ತದೆ, ಆಮೇಲೆ ಕೋಗಿಲೆ, ಪಿಕಳಾರ. ಕಬ್ಬಕ್ಕಿ ಬಂದರೆ ಉಳಿದವಕ್ಕೆ ಜಾಗವೇ ಇಲ್ಲ.

ಹೊಸಬರು ಎಡವುವುದು ಬಣ್ಣದಲ್ಲಿ. ಗುಲಾಬಿ ಅಂತ ಹೆಸರಿದ್ದರೂ ಚಳಿಗಾಲದಲ್ಲಿ ದೊಡ್ಡವು ಕೂಡ ಒಗೆದು ಒಗೆದು ಮಾಸಿದ ಸೀರೆಯ ಹಾಗಿರುತ್ತವೆ. ಮರಿಗಳಂತೂ ಮಣ್ಣಿನ ಬಣ್ಣ, ಹಳದಿ ಕೊಕ್ಕು. ಗೊರವಂಕ ಅಂದುಕೊಂಡು ನಾನೇ ಎಷ್ಟು ಸಲ ಬಿಟ್ಟಿದ್ದೇನೋ. ಬೇಸಿಗೆ ಹತ್ತಿರವಾದಂತೆ ಕಪ್ಪು ತಲೆ ಮಿಂಚುತ್ತದೆ, ಮೈ ಗುಲಾಬಿಯಾಗುತ್ತದೆ. ಅಷ್ಟರಲ್ಲಿ ಹೊರಡುವ ಹೊತ್ತು.

ಕಳೆದ ಫೆಬ್ರವರಿಯಲ್ಲಿ ಅದೇ ಅರಳಿ ಮತ್ತೆ ಹಣ್ಣಾಯಿತು. ತಗ್ಗಿನ ಕೊಂಬೆಯ ಮೇಲೆ ಒಂದು ಕಬ್ಬಕ್ಕಿ, ನನಗೆ ಹತ್ತು ಅಡಿ ದೂರ. ಹಣ್ಣು ಕಿತ್ತು, ಕೊಕ್ಕಿನಲ್ಲೇ ಒಮ್ಮೆ ಹೊರಳಿಸಿ, ಕತ್ತು ಹಿಂದಕ್ಕೆಸೆದು ನುಂಗಿತು. ಗಂಟಲು ಉಬ್ಬಿ ಇಳಿಯಿತು. ಎಣಿಸಿದೆ, ಒಂದೇ ಜಾಗದಲ್ಲಿ ಒಂಬತ್ತು ಹಣ್ಣು. ಪಕ್ಕದವನು ಹತ್ತಿರ ಸರಿದರೆ ಜುಟ್ಟು ನಿಗುರಿಸಿ ಚರ್ರ್ ಅಂತ ಬೈಗುಳ.

ಮೊಬೈಲಿನಲ್ಲಿ ಹಿಡಿದು ಅಕ್ಕನ ಮಗನಿಗೆ ಕಳಿಸಿದೆ. ಎರಡು ವರ್ಷದ ಬಾಕಿ. ಸಂಜೆ ಉತ್ತರ ಬಂತು: "ಸೂಪರ್ ಮಾಮ. ಹಿಂದುಗಡೆ ಬೈತಾ ಇರೋ ಅಜ್ಜಿ ಯಾರು?"