ಆಫೀಸ್ ಇಂಟರ್ನೆಟ್ ಮೇಲೆ ಕಣ್ಣಿಡಬೇಕಾ? ಇಡುವುದಾದರೆ ಹೀಗೆ ಇಡಿ

ಆಫೀಸಿನಲ್ಲಿ ಯಾರು ಯಾವ ಸೈಟ್ ನೋಡುತ್ತಾರೆ ಎಂದು ನಿಮಗೆ ಗೊತ್ತಾಗಬೇಕಾ? ಹಾಗಾದರೆ ಮೊದಲು, ಯಾಕೆ ಗೊತ್ತಾಗಬೇಕು ಎಂದು ಒಂದು ಸಾಲಿನಲ್ಲಿ ಬರೆಯಿರಿ. ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು ನನ್ನ ಕೆಲಸ. ಪೀಣ್ಯದ ಮೆಷಿನ್ ಶಾಪ್ ಇರಲಿ, ಮಲ್ಲೇಶ್ವರದ ಆಡಿಟರ್ ಆಫೀಸ್ ಇರಲಿ, ಮಾಲೀಕರು ಕೇಳುವುದು ಒಂದೇ: "ಹುಡುಗರು ಏನ್ ನೋಡ್ತಾರೆ ಅಂತ ನನ್ ಫೋನಲ್ಲಿ ಕಾಣ್ಬೇಕು." ಆ ಒಂದು ಸಾಲು ಬರೆಯಲು ಕೂತಾಗ ತುಂಬಾ ಜನ ಬೇಡಿಕೆಯನ್ನೇ ಬದಲಿಸುತ್ತಾರೆ.

ಕಾರಣ "ನೆಟ್ ಸ್ಲೋ" ಎಂದಾದರೆ ಫೈರ್‌ವಾಲ್‌ನ (ಆಫೀಸಿಗೆ ಬಂದು ಹೋಗುವ ಇಂಟರ್ನೆಟ್ಟನ್ನು ಸೋಸುವ ಡಬ್ಬ) ಗ್ರಾಫ್ ನೋಡಿ, ಹೆಸರು ಹುಡುಕಬೇಡಿ. ಒಂದು ಆಡಿಟರ್ ಆಫೀಸಿನಲ್ಲಿ ತಿಂಗಳ 20ನೇ ತಾರೀಖು ಬಂತೆಂದರೆ ಜಗಳ. ಅಂದು ಜಿಎಸ್‌ಟಿಆರ್-3ಬಿ ಎಂಬ ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನ, ಪೋರ್ಟಲ್ ತೆರೆಯುತ್ತಲೇ ಇರಲಿಲ್ಲ. (ಪೋರ್ಟಲ್ ತಾನೂ ಅವತ್ತು ತೆವಳುತ್ತದೆ, ಅದು ಬೇರೆ ಕಥೆ.) ಹುಡುಗರು ಕ್ರಿಕೆಟ್ ನೋಡುತ್ತಾರೆ ಎಂದು ಯಜಮಾನರ ಗುಮಾನಿ. ನೋಡಿದರೆ ಲೈನ್ ತಿನ್ನುತ್ತಿದ್ದದ್ದು ಅವರೇ ಹಾಕಿಸಿದ್ದ ಸಿಸಿ ಕ್ಯಾಮೆರಾ. ಹಗಲೆಲ್ಲಾ ವಿಡಿಯೋ ಕ್ಲೌಡ್‌ಗೆ ಹೋಗುತ್ತಿತ್ತು. ಅದನ್ನು ರಾತ್ರಿಗೆ ಹಾಕಿದ್ದೇ ತಡ, ಜಗಳ ನಿಂತಿತು.

ಕಾರಣ "ಸರಿಯಾಗಿ ಕೆಲಸ ಮಾಡಲ್ಲ" ಎಂದಾದರೆ ನನ್ನನ್ನು ಕರೆಯಬೇಡಿ. ಎಷ್ಟು ಬಿಲ್ ಎಂಟ್ರಿ ಆಯಿತು, ಎಷ್ಟು ರಿಟರ್ನ್ ಹೋಯಿತು ಎಂದು ಲೆಕ್ಕ ಹಾಕಿ. ಫೈರ್‌ವಾಲ್ ಅದಕ್ಕೆ ಮದ್ದಲ್ಲ. ಮೌಸ್ ಅಲ್ಲಾಡುತ್ತಿದೆಯಾ ಎಂದು ಅಳೆದರೆ ಮೌಸ್ ಅಲ್ಲಾಡಿಸುವ ಸಾಧನ ಕೊಳ್ಳುತ್ತಾರೆ, ಅಷ್ಟೇ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ 2024ರಲ್ಲಿ ಹನ್ನೆರಡಕ್ಕೂ ಹೆಚ್ಚು ಜನರನ್ನು ತೆಗೆದದ್ದು ಇದೇ ಕಾರಣಕ್ಕೆ: ಕೆಲಸ ಮಾಡುತ್ತಿರುವಂತೆ ಕೀಬೋರ್ಡ್ ಒತ್ತುವ ನಾಟಕ ಮಾಡಿದ್ದರಂತೆ.

ಉಳಿಯುವುದು ವೈರಸ್ ಮತ್ತು ಡೇಟಾ ಸೋರಿಕೆ. ಇವು ನಿಜವಾದ ಕಾರಣಗಳು. ಕಣ್ಣಿಡಬೇಕು ಎನ್ನುವುದು ನನ್ನ ಅಭಿಪ್ರಾಯವೂ ಹೌದು. ಆದರೆ ಲೈನ್ ಮೇಲೆ, ಜನರ ಮೇಲಲ್ಲ.

ಮೊದಲು ವೈಫೈಯನ್ನು ಎರಡು ಮಾಡಿ. ಆಫೀಸ್ ಕಂಪ್ಯೂಟರ್‌ಗಳಿಗೆ ಒಂದು, ಸಿಬ್ಬಂದಿಯ ಮೊಬೈಲ್‌ಗಳಿಗೆ ಇನ್ನೊಂದು. ಮೊಬೈಲ್ ವೈಫೈಗೆ ವೇಗದ ಮಿತಿ ಹಾಕಿ, ಅಶ್ಲೀಲ ಮತ್ತು ವೈರಸ್ ಸೈಟ್ ಬಂದ್ ಮಾಡಿ, ಆಮೇಲೆ ಅದನ್ನು ಮರೆತುಬಿಡಿ. ಹಬ್ಬದ ಹಿಂದೆ ಬೆಳಿಗ್ಗೆ 10ಕ್ಕೆ ಎಸಿ ತತ್ಕಾಲ್, 11ಕ್ಕೆ ಸ್ಲೀಪರ್ ತತ್ಕಾಲ್. ಊರಿಗೆ ಹೋಗುವವರು ಬುಕ್ ಮಾಡದೆ ಇರುತ್ತಾರಾ? ಐದು ನಿಮಿಷ, ಬಿಡಿ.

ಕಂಪ್ಯೂಟರ್ ಕಡೆಯ ನೆಟ್‌ವರ್ಕ್‌ನಲ್ಲಿ ಸೈಟ್‌ಗಳನ್ನು ವಿಭಾಗವಾರು ತಡೆಯಿರಿ: ಫಿಶಿಂಗ್ (ಪಾಸ್‌ವರ್ಡ್ ಕದಿಯುವ ನಕಲಿ ಸೈಟ್), ಜೂಜು, ಟೊರೆಂಟ್ (ಸಿನಿಮಾದಂಥ ದೊಡ್ಡ ಫೈಲ್ ಹಂಚುವ ಸೈಟ್). ಯೂಟ್ಯೂಬ್ ಮುಚ್ಚಬೇಡಿ, ಟ್ಯಾಲಿ ಸಮಸ್ಯೆಗೆ ಎಲ್ಲರೂ ಉತ್ತರ ಹುಡುಕುವುದು ಅಲ್ಲೇ. ವಾಟ್ಸಾಪ್ ವೆಬ್ ಮುಚ್ಚಿದರೆ ಗಿರಾಕಿಗಳ ಬಿಲ್ಲೇ ಬರುವುದಿಲ್ಲ. ಗಮನ ಬೇಕಾದದ್ದು ಹೊರಗೆ ಹೋಗುವ ದೊಡ್ಡ ಫೈಲ್‌ಗಳಿಗೆ. ಸ್ವಂತ ಡ್ರೈವ್ ಖಾತೆಗೆ ಒಮ್ಮೆಲೇ ಜಾಸ್ತಿ ಅಪ್‌ಲೋಡ್ ಆದರೆ ಅಲರ್ಟ್ ಬರುವಂತೆ ಇಡಿ.

ಇಲ್ಲೊಂದು ವಿಷಯ ತಿಳಿದಿರಲಿ. ಎಚ್‌ಟಿಟಿಪಿಎಸ್ ಇರುವ, ಅಂದರೆ ಮಾಹಿತಿ ಗುಪ್ತಲಿಪಿಯಲ್ಲಿ ಓಡಾಡುವ ಸೈಟ್‌ನಲ್ಲಿ ಫೈರ್‌ವಾಲ್‌ಗೆ ಸಾಮಾನ್ಯವಾಗಿ ಕಾಣುವುದು ಸೈಟ್‌ನ ಹೆಸರು, ಹೊತ್ತು, ಡೇಟಾದ ಗಾತ್ರ. ಒಳಗೆ ಏನು ಓದಿದರು, ಏನು ಬರೆದರು ಎಂಬುದು ಕಾಣುವುದಿಲ್ಲ. ಕಾಣಬೇಕೆಂದರೆ ಪ್ರತಿ ಕಂಪ್ಯೂಟರ್‌ನಲ್ಲೂ ಫೈರ್‌ವಾಲ್‌ನ ಸರ್ಟಿಫಿಕೇಟ್ ಹಾಕಬೇಕು. ಹಾಕಿದರೆ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಕೂಡ ಅದೇ ಡಬ್ಬದೊಳಗೆ ಬಿಚ್ಚಿಕೊಳ್ಳುತ್ತದೆ. ಸಣ್ಣ ಆಫೀಸಿಗೆ ನಾನು ಅದನ್ನು ಹಾಕುವುದಿಲ್ಲ. ವಿದೇಶಿ ಗಿರಾಕಿಯ ಕರಾರಿನಲ್ಲಿ ಇದ್ದು ಹಾಕಲೇಬೇಕಾದರೆ ಬ್ಯಾಂಕ್, ಆಸ್ಪತ್ರೆ ಸೈಟ್‌ಗಳನ್ನು ಹೊರಗಿಡಿ. ಟೈಪ್ ಮಾಡಿದ್ದನ್ನೆಲ್ಲ ಹಿಡಿಯುವ ಕೀಲಾಗರ್ ಮಾತ್ರ ಯಾರು ಕೇಳಿದರೂ ಇಲ್ಲ.

ಕಾನೂನು ಏನು ಹೇಳುತ್ತದೆ? 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಕೇಸ್ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯ 7ನೇ ಸೆಕ್ಷನ್, ಉದ್ಯೋಗದ ಕೆಲಸಕ್ಕೆ ಮತ್ತು ಮಾಲೀಕರಿಗೆ ನಷ್ಟ ಆಗದಂತೆ ತಡೆಯಲು ಒಪ್ಪಿಗೆ ಇಲ್ಲದೆಯೂ ಮಾಹಿತಿ ಬಳಸಲು ಬಿಡುತ್ತದೆ. ಇದನ್ನು ಓದಿ ಕೆಲವರು ಖುಷಿಪಟ್ಟರು. ಅದೇ ಕಾಯ್ದೆಯಲ್ಲಿ, ಇಟ್ಟುಕೊಂಡ ಮಾಹಿತಿಯನ್ನು ಕಾಪಾಡದೆ ಹೋದರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಜಾರಿ ಹಂತ ಹಂತವಾಗಿ. ಸುಮ್ನೆ ಗುಡ್ಡೆ ಹಾಕಿಕೊಂಡ ಡೇಟಾ ನಿಮಗೇ ಹೊರೆ. ಇನ್ನು ಲಾಗ್‌ಗಳನ್ನು (ಬಳಕೆಯ ದಾಖಲೆ) 180 ದಿನ ಇಡಬೇಕು ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಆದೇಶ ಮಾಡಿದೆ. ಅದು ದಾಳಿ ಆದಾಗ ಹುಡುಕಲು. ದಿನಾ ಕೂತು ಓದಲು ಅಲ್ಲ.

ನೋಟಿಸ್ ಕೊಡದೆ ಶುರು ಮಾಡಬೇಡಿ. ರೊಮೇನಿಯಾದ ಬರ್ಬುಲೆಸ್ಕು ಎಂಬ ಎಂಜಿನಿಯರ್‌ಗೆ ಗಿರಾಕಿಗಳ ಜೊತೆ ಮಾತಾಡಲು ಯಾಹೂ ಮೆಸೆಂಜರ್ ಖಾತೆ ತೆರೆಯುವಂತೆ ಕಂಪನಿಯೇ ಹೇಳಿತ್ತು. ಆಮೇಲೆ ಅವರು ಸಹೋದರನ ಜೊತೆ, ಮದುವೆ ಆಗಬೇಕಿದ್ದ ಹುಡುಗಿಯ ಜೊತೆ ಮಾಡಿದ ಚಾಟ್ ಸೇರಿ 45 ಪುಟ ತೆಗೆದು ತೋರಿಸಿ, 2007ರಲ್ಲಿ ಮನೆಗೆ ಕಳಿಸಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2016ರಲ್ಲಿ ಕಂಪನಿಯ ಪರ ನಿಂತಿತು. 2017ರ ಸೆಪ್ಟೆಂಬರ್ 5ರಂದು ಅದರ ದೊಡ್ಡ ಪೀಠ 11-6 ಮತದಿಂದ ಅದನ್ನು ತಿರುಗಿಸಿತು. ನೋಡಲೇಬಾರದು ಎನ್ನಲಿಲ್ಲ. ಏನು ನೋಡುತ್ತೀರಿ, ಎಷ್ಟರ ಮಟ್ಟಿಗೆ ನೋಡುತ್ತೀರಿ ಎಂದು ಅವರಿಗೆ ಮೊದಲೇ ಹೇಳಿದಿರಾ ಎಂಬುದನ್ನು ಕೆಳಗಿನ ಕೋರ್ಟುಗಳು ಪರಿಶೀಲಿಸಲೇ ಇಲ್ಲ ಎಂದಿತು. ಆ ತೀರ್ಪು ನಮಗೆ ಅನ್ವಯಿಸುವುದಿಲ್ಲ. ಆದರೂ ಒಳ್ಳೆಯ ಪರೀಕ್ಷೆ ಅಲ್ವಾ?

ನಾನು ಬಾಗಿಲ ಹತ್ತಿರ ಅಂಟಿಸಲು ಕೊಡುವ ನೋಟಿಸ್ ಹೀಗಿರುತ್ತದೆ: "ಆಫೀಸ್ ಕಂಪ್ಯೂಟರ್‌ನಲ್ಲಿ ಯಾವ ಸೈಟ್‌ಗೆ ಯಾವಾಗ ಹೋದಿರಿ, ಎಷ್ಟು ಡೇಟಾ ಬಳಸಿದಿರಿ ಎಂಬ ದಾಖಲೆ 180 ದಿನ ಇರುತ್ತದೆ. ನೀವು ಟೈಪ್ ಮಾಡುವುದು, ನಿಮ್ಮ ಸ್ಕ್ರೀನ್, ಕ್ಯಾಮೆರಾ, ಮೈಕ್ ಯಾವುದನ್ನೂ ನೋಡುವುದಿಲ್ಲ. ಒಬ್ಬರ ಹೆಸರಿನ ದಾಖಲೆ ತೆಗೆಯಬೇಕಾದರೆ ಕಾರಣ ಬರೆದು ಇಬ್ಬರು ಸಹಿ ಹಾಕುತ್ತಾರೆ, ಆ ಹೆಸರಿನವರಿಗೂ ತಿಳಿಸುತ್ತೇವೆ. ಈ ನಿಯಮ ಮಾಲೀಕರಿಗೂ ಇದೆ." ಕೊನೆಯ ಸಾಲಿಗೆ ಮಾಲೀಕರು ಮುಖ ಕಿವುಚುತ್ತಾರೆ. ನಾನು ತೆಗೆಯುವುದಿಲ್ಲ. ಕನ್ನಡದ ಜೊತೆಗೆ ಸಿಬ್ಬಂದಿ ಓದುವ ಇನ್ನೊಂದು ಭಾಷೆಯಲ್ಲೂ ಹಾಕಿ, ಪೀಣ್ಯದಲ್ಲಿ ಹಿಂದಿ, ಒಡಿಯಾ ಓದುವವರೂ ಇದ್ದಾರೆ.

ವಾರಕ್ಕೊಮ್ಮೆ ಬರುವ ರಿಪೋರ್ಟ್‌ನಲ್ಲಿ ಹೆಸರು ಬರದಂತೆ ಸೆಟ್ ಮಾಡಿಸಿ. ಒಟ್ಟು ಬಳಕೆ, ತಡೆದ ಸೈಟ್‌ಗಳ ಸಂಖ್ಯೆ, ಅಲರ್ಟ್, ಇಷ್ಟು ಸಾಕು. ಫೈರ್‌ವಾಲ್‌ನ ಅಡ್ಮಿನ್ ಪಾಸ್‌ವರ್ಡನ್ನು ನನ್ನಂಥವರ ಕೈಯಲ್ಲಿ ಬಿಡಬೇಡಿ. ಕೆಲಸ ಮುಗಿದ ದಿನವೇ ಬದಲಿಸಿ, ಹೊರಗಿನಿಂದ ಲಾಗಿನ್ ಆಗುವ ದಾರಿ ಮುಚ್ಚಿಸಿ, ಸರ್ವೀಸ್‌ಗೆ ಬಂದಾಗ ಮಾತ್ರ ನೀವೇ ತೆರೆದು ಕೊಡಿ.