ನಾಣ್ಯ ಮಾಯ ಮಾಡುವಾಗ ನನ್ನ ಕಣ್ಣು ಎಲ್ಲಿರುತ್ತದೆ

ಸ್ಟೇಜ್ ಜಾದೂಗೆ ಲೈಟು, ಪರದೆ, ದೂರ ಎಲ್ಲವೂ ಆಸರೆ. ನಾನು ಮಾಡುವುದು ಕ್ಲೋಸ್-ಅಪ್. ನೋಡುವವರು ಎದುರಿಗೇ ಕೂತಿರುತ್ತಾರೆ, ನನ್ನ ಹತ್ತಿರ ಇರುವುದು ಒಂದು ನಾಣ್ಯ, ಎರಡು ಕೈ, ಅಷ್ಟೇ.

ಮೊದಲು ಕಲಿಯಬೇಕಾದದ್ದು ಪಾಮ್, ಅಂದರೆ ನಾಣ್ಯ ಕೈಯಲ್ಲೇ ಇದ್ದರೂ ಕೈ ಖಾಲಿ ಇದೆ ಅನ್ನಿಸುವುದು. ಕ್ಲಾಸಿಕ್ ಪಾಮ್‌ನಲ್ಲಿ ಹೆಬ್ಬೆರಳಿನ ಬುಡದ ಉಬ್ಬಿಗೂ ಎದುರಿನ ಉಬ್ಬಿಗೂ ನಡುವೆ ನಾಣ್ಯದ ಅಂಚು ಸಿಕ್ಕಿಕೊಂಡು ನಿಲ್ಲಬೇಕು. ಇದು ಕಷ್ಟ. ಸ್ವಲ್ಪ ಜಾಸ್ತಿ ಬಿಗಿ ಹಿಡಿದರೂ ಹೆಬ್ಬೆರಳು ಸೆಟೆದುಕೊಂಡು ಗುಟ್ಟು ಬಿಟ್ಟುಕೊಡುತ್ತದೆ. ಹೊಸಬರಿಗೆ ಫಿಂಗರ್ ಪಾಮ್ ಸಾಕು: ನಡುಬೆರಳು, ಉಂಗುರದ ಬೆರಳುಗಳ ಬುಡದ ಮಡಿಕೆಯಲ್ಲಿ ನಾಣ್ಯ ಇಟ್ಟು ಬೆರಳನ್ನು ಸುಮ್ನೆ ಬಾಗಿಸಿದರೆ ಆಯ್ತು. ನಾನು ನಾಣ್ಯ ಹಾಗೇ ಇಟ್ಟುಕೊಂಡು ಪುಸ್ತಕದ ಹಾಳೆ ತಿರುವುತ್ತಿದ್ದೆ, ಬಾಗಿಲು ತೆಗೆಯುತ್ತಿದ್ದೆ, ಕೊನೆಗೆ ಅದು ಕೈಯಲ್ಲಿದೆ ಅನ್ನುವುದೇ ಮರೆತುಹೋಗುವಷ್ಟು.

ಆಮೇಲೆ ಫಾಲ್ಸ್ ಟ್ರಾನ್ಸ್‌ಫರ್. ಬಲಗೈಯಿಂದ ಎಡಗೈಗೆ ಕೊಟ್ಟಂತೆ ಮಾಡಿ ಕೊಡದೇ ಇರುವುದು. ಇಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದ ಅಭ್ಯಾಸ ಅಂದರೆ ನಾಣ್ಯವನ್ನು ನಿಜವಾಗಿಯೇ ಕೊಡುವುದು. ಕನ್ನಡಿ ಮುಂದೆ ಮತ್ತೆ ಮತ್ತೆ ಕೊಟ್ಟು, ಎಡಗೈ ಎಷ್ಟು ಸಡಿಲವಾಗಿ ಮುಚ್ಚುತ್ತದೆ, ಕೆಲಸ ಮುಗಿದ ಬಲಗೈ ಎಲ್ಲಿಗೆ ಹೋಗಿ ಬೀಳುತ್ತದೆ ಅಂತ ನೋಡಿಕೊಂಡೆ. ಸುಳ್ಳು ಕೊಡುವಾಗಲೂ ಅದೇ ವೇಗ, ಅದೇ ಸಡಿಲ. ಕಣ್ಣು ಮಾತ್ರ ಎಡಗೈ ಜೊತೆಗೇ ಹೋಗಬೇಕು, ಯಾಕೆಂದರೆ ನಾನು ನೋಡಿದ ಕಡೆಗೇ ಎದುರಿನವರೂ ನೋಡುತ್ತಾರೆ. ಬಲಗೈ ಕಡೆ ಒಂದು ಸಲ ಕಣ್ಣು ಹಾಯಿಸಿದರೂ ಮುಗೀತು. ಮಿಸ್‌ಡೈರೆಕ್ಷನ್, ಅಂದರೆ ನೋಡುವವರ ಗಮನವನ್ನು ಬೇರೆ ಕಡೆ ತಿರುಗಿಸುವುದು, ಅನ್ನುವುದರಲ್ಲಿ ಮುಕ್ಕಾಲು ಪಾಲು ಇದೇ.

ಕನ್ನಡಿಗೂ ಒಂದು ಮಿತಿ ಇದೆ. ಕಳ್ಳ ಕೆಲಸ ಆಗುವ ಕ್ಷಣದಲ್ಲೇ ನಾವೇ ಕಣ್ಣು ಮಿಟುಕಿಸಿಬಿಡುತ್ತೇವೆ, ನಮ್ಮನ್ನು ನಾವೇ ಮೋಸ ಮಾಡಿಕೊಂಡ ಹಾಗೆ, ಅಲ್ವಾ? ಹಾಗಾಗಿ ಫೋನನ್ನು ಕೂತವರ ಕಣ್ಣಿನ ಎತ್ತರಕ್ಕೆ, ಎರಡೂ ಪಕ್ಕದಿಂದ ಇಟ್ಟು ರೆಕಾರ್ಡ್ ಮಾಡುತ್ತೇನೆ. ನಾಣ್ಯದ ಅಂಚು ಚೂರು ಕಂಡರೂ ಗುಟ್ಟು ರಟ್ಟು, ಜಾದೂಗಾರರು ಅದಕ್ಕೆ ಫ್ಲ್ಯಾಶ್ ಅನ್ನುತ್ತಾರೆ.

ಸುಳ್ಳು ಕೊಟ್ಟ ಮೇಲೆ ಎಡಗೈ ಮುಷ್ಟಿಯನ್ನು ತಕ್ಷಣ ಬಿಚ್ಚುವುದಿಲ್ಲ. ನಡುವೆ ಏನಾದರೂ ಮಾತಾಡುತ್ತೇನೆ, ನಗಿಸುತ್ತೇನೆ. ಜನ ನಕ್ಕು ಹಿಂದಕ್ಕೆ ಒರಗುವ ಆ ಹೊತ್ತಿಗೆ ಆಫ್-ಬೀಟ್ ಅನ್ನುತ್ತಾರೆ, ಬಲಗೈ ನಾಣ್ಯ ಜೇಬು ಸೇರುವುದು ಆಗಲೇ. ಟೇಬಲ್ ಮುಂದೆ ಕೂತು ಮಾಡುತ್ತಿದ್ದ ಸ್ಲೈಡಿನಿ ಇದರಲ್ಲಿ ದೊಡ್ಡ ಉಸ್ತಾದ. ಆತ ಮೈ ಮುಂದಕ್ಕೆ ಬಾಗಿಸಿದರೆ ನೋಡುವವರು ಬಿಗಿಯಾಗುತ್ತಿದ್ದರು, ಹಿಂದಕ್ಕೆ ಸರಿದರೆ ಸಡಿಲಾಗುತ್ತಿದ್ದರು, ಅಷ್ಟರಲ್ಲಿ ನಾಣ್ಯ ಮಡಿಲಿಗೆ. ಇದಕ್ಕೆ ಲ್ಯಾಪಿಂಗ್ ಅನ್ನುತ್ತಾರೆ.

ಒಂದೇ ಟ್ರಿಕ್ಕನ್ನು ಮತ್ತೆ ಮಾಡಬಾರದು ಅನ್ನುವುದು ಹಳೇ ನಿಯಮ. ಆದರೆ 1922ರಲ್ಲಿ ಡೈ ವರ್ನನ್ ಅನ್ನುವ ಇಸ್ಪೀಟ್ ಜಾದೂಗಾರ, ಆಗಿನ ಹೆಸರಾಂತ ಜಾದೂಗಾರ ಹೂಡಿನಿಯ ಮುಂದೆ ಅದನ್ನೇ ಮುರಿದ. ಪ್ಯಾಕಿನಲ್ಲಿ ಮೇಲಿನಿಂದ ಎರಡನೆಯದಾಗಿ ಸೇರಿಸಿದ ಇಸ್ಪೀಟ್ ಎಲೆ ಮತ್ತೆ ಮತ್ತೆ ಮೇಲೆ ಬರುತ್ತಿತ್ತು. ಮೂರು ಸಲ ನೋಡಿದರೆ ಯಾವ ಟ್ರಿಕ್ಕನ್ನಾದರೂ ಹಿಡಿಯುತ್ತೇನೆ ಅನ್ನುತ್ತಿದ್ದ ಹೂಡಿನಿಗೆ ಎಷ್ಟು ನೋಡಿದರೂ ಅದು ಗೊತ್ತಾಗಲಿಲ್ಲ. ನನ್ನನ್ನೂ ಜನ 'ಇನ್ನೊಂದ್ಸಲ ಮಾಡಿ' ಅನ್ನುತ್ತಾರೆ. ಎರಡನೇ ಸಲ ನಾಣ್ಯವನ್ನು ನಿಜವಾಗಿಯೇ ಎಡಗೈಗೆ ಕೊಟ್ಟು, ಯಾವ ಕೈಯಲ್ಲಿದೆ ಅಂತ ಕೇಳುತ್ತೇನೆ. ಬಹಳ ಜನ ಬಲಗೈ ತೋರಿಸುತ್ತಾರೆ.